ಅತ್ತೆ ಒಂದು ತುತ್ತು ತಿನ್ನಲಿ ಎಂದು ಬೇಡಿದ ಕ್ರಿಸ್ಮಸ್

ಕಳೆದ ನವೆಂಬರಿನಲ್ಲಿ ನನ್ನ ಗಂಡ ಸ್ಯಾಮುವೇಲ ಬಾಗಲಕೋಟೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಜ್ವರವೆಂದು ಇಳಕಲ್ಲಿನಿಂದ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಹೋದವರು ಆಂಬುಲೆನ್ಸಿನಲ್ಲಿ ಹಿಂದಿರುಗಿದರು. ಅವರನ್ನು ಉಳಿಸೆಂದು ಐಸಿಯು ಬಾಗಿಲಲ್ಲಿ ಮೊಣಕಾಲೂರಿ ಬೇಡಿದ್ದೆ. ಆ ಪ್ರಾರ್ಥನೆ ಈಡೇರಲಿಲ್ಲ. ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳುವಾಗ ಇದನ್ನು ಮುಚ್ಚಿಡಬಾರದು.

ಅಂದಿನಿಂದ ಅತ್ತೆ ಮಾತು ಬಿಟ್ಟರು. ಮಗನ ಕೈಮಗ್ಗದ ಪಕ್ಕ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಗಂಜಿ ಹಿಡಿದರೆ ಒಂದು ಗುಟುಕು ಕುಡಿದರೆ ಕುಡಿದರು, ಇಲ್ಲದಿದ್ದರೆ ಇಲ್ಲ. "ಹಿಂಗಾದ್ರ ಭಾಳ ದಿನ ಉಳಿಯೂದಿಲ್ಲವಾ," ಎಂದರು ಡಾಕ್ಟರು. ಕರ್ತನೇ, ಇವರನ್ನಾದರೂ ನಮಗೆ ಬಿಡು, ಒಂದು ತುತ್ತು ತಿನ್ನಿಸು ಎಂದಷ್ಟೇ ಕೇಳತೊಡಗಿದೆ.

ಕ್ರಿಸ್ಮಸ್ ಬಂತು. ಬೇರೆಯವರ ಮಗ್ಗಕ್ಕೆ ನೂಲು ಸುತ್ತಿ ತರುವ ನನ್ನ ಕೂಲಿ ಜೋಳಕ್ಕೇ ಸರಿಹೋಗುತ್ತಿತ್ತು. ಹಿಂದೆಲ್ಲ ಓಣಿಯ ಮನೆಮನೆಗೆ ಕೊಬ್ಬರಿ-ಬೆಲ್ಲ ತುಂಬಿ ಕರಿದ ಕರ್ಚಿಕಾಯಿಯ ತಾಟು ಕಳಿಸುತ್ತಿದ್ದೆವು. ಈ ಸಲ ಹೊಸ ಬಟ್ಟೆಯಿಲ್ಲ, ತಾಟೂ ಇಲ್ಲ ಎಂದಾಗ ಮಗಳು ರೂತ್, "ಒಂದು ಚುಕ್ಕಿನರ ಕಟ್ಟೂಣಲ್ಲಬೇ?" ಎಂದಳು. ಸೀರೆ ಡಬ್ಬಿಯ ರಟ್ಟನ್ನು ನಕ್ಷತ್ರದಂತೆ ಕತ್ತರಿಸಿ ಬಾಗಿಲಿಗೆ ಕಟ್ಟಿದೆವು.

ಹಬ್ಬದ ಹಿಂದಿನ ಮಧ್ಯಾಹ್ನ ಪಕ್ಕದ ಮನೆಯ ಮಹಬೂಬಿ ಎಣ್ಣೆ, ಕಣಕ, ಕೊಬ್ಬರಿ-ಬೆಲ್ಲ ಹೊತ್ತು ಬಂದರು. ಸಾವಾದ ಮನೆಯವರು ಮೊದಲ ಹಬ್ಬಕ್ಕೆ ತಾವಾಗಿ ಬಾಣಲಿ ಇಡುವಂತಿಲ್ಲ, ನೆರೆಯವರೇ ಬಂದು ಕರಿಯಬೇಕು. ನಮ್ಮ ಓಣಿಯಲ್ಲಿ ಎಲ್ಲರಿಗೂ ಇದೇ ರೂಢಿ. ನಾನು ಬೇಡವೆಂದೆ.

"ನಿನ್ನ ಯಾರ ಕೇಳ್ಯಾರ? ಸರಿ ಅತ್ಲಾಗ, ಒಲಿ ಹಚ್ಚತೇನಿ."

ಆದರೆ ಆಕೆಗೆ ಕರ್ಚಿಕಾಯಿ ಮಾಡಿ ಅಭ್ಯಾಸವಿಲ್ಲ. ಮೊದಲನೆಯದು ಎಣ್ಣೆಯಲ್ಲಿ ಬಾಯಿ ಬಿಟ್ಟಿತು. ಎರಡನೆಯದೂ ಬಿಟ್ಟು, ಬೆಲ್ಲ ಸುಟ್ಟ ವಾಸನೆ ಮನೆ ತುಂಬಿತು.

"ಅಂಚಿಗೆ ಹಾಲು ಹಚ್ಚ, ಹುಚ್ಚಿ! ಎಣ್ಣಿ ಕೆಡಸಾಕ ಬಂದೀಯೇನ?"

ಧ್ವನಿ ಅತ್ತೆಯದು. ಕಣಕ ಲಟ್ಟಿಸುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಅವರತ್ತ ತಿರುಗಿದೆ.

ಮಹಬೂಬಿ ತಿರುಗಿಯೂ ನೋಡಲಿಲ್ಲ. "ಬೈಯಾಕ ಬಾಯಿ ಐತಿ, ಕೈ ಇಲ್ಲೇನ್ರಿ ಯಮ್ಮಾ? ಬರ್ರಿ, ನೀವ ಮಾಡ್ರಿ ಹಂಗಾರ."

ಅತ್ತೆ ಗೋಡೆ ಹಿಡಿದು ಬಂದು ಕುಳಿತರು. ಹಾಲು ಸವರಿ ಅಂಚು ಮಡಿಚಿದರು. ಅದು ಬಾಯಿ ಬಿಡದೆ ಕೆಂಪಗೆ ಕರಿದು ಬಂದಾಗ ತಾಟಿನ ಒಂದು ಬದಿಗೆ ಎತ್ತಿಟ್ಟು, "ಇದು ಸ್ಯಾಮ್ಯಾಗ," ಎಂದರು.

ತಾವು ಹೇಳಿದ್ದು ಅವರಿಗೇ ಕೇಳಿಸಿತು. ಮಣ್ಣು ಕೊಟ್ಟ ದಿನವೂ ಅಳದಿದ್ದವರು ಮಹಬೂಬಿಯ ಮಡಿಲಿಗೆ ಬಿದ್ದು ಗೋಳಾಡಿದರು. ಅಳು ನಿಂತ ಮೇಲೆ ಅದೇ ಕರ್ಚಿಕಾಯಿ ಮುರಿದು, ಅರ್ಧ ರೂತ್‌ಗೆ ಕೊಟ್ಟು, ಅರ್ಧ ತಮ್ಮ ಬಾಯಿಗಿಟ್ಟುಕೊಂಡರು.

ಈಗ ಅತ್ತೆ ರೊಟ್ಟಿ ಉಣ್ಣುತ್ತಾರೆ, ನನ್ನನ್ನು ಬೈಯುತ್ತಾರೆ. ದೊಡ್ಡದನ್ನು ಕೇಳಿದಾಗ ಸುಮ್ಮನಿದ್ದ ದೇವರು ಈ ತುತ್ತನ್ನು ಏಕೆ ಕೊಟ್ಟನೋ ನನಗೆ ತಿಳಿಯದು. ತಿಳಿಯದೆಯೇ ಅವನಿಗೆ ಸ್ತೋತ್ರ ಸಲ್ಲಿಸುತ್ತೇನೆ.