ಪ್ರದರ್ಶನಕ್ಕಿಟ್ಟ ನಮ್ಮ ಅಡುಗೆಮನೆ

ನಮ್ಮ ಅಡುಗೆಮನೆಯನ್ನು ಯಾರೋ ಕದ್ದಿದ್ದಾರೆ ಎಂದು ನನಗೆ ಗೊತ್ತಾದದ್ದು ಕಳೆದ ಭಾನುವಾರ, ಪುಣೆಯ ಒಂದು ಚಿತ್ರಪ್ರದರ್ಶನದಲ್ಲಿ.

ಚಿತ್ರಕಾರರು ದೇಶಪಾಂಡೆ ಮಾಸ್ತರರು. ಪುಣೆ ಹತ್ತಿರದ ನಿಗಡಿಯಲ್ಲಿ ನಮ್ಮ ಮೇಲಿನ ಮನೆಯವರು, ರಿಟೈರ್ಡ್ ಡ್ರಾಯಿಂಗ್ ಟೀಚರ್. ಕರೆಪತ್ರದಲ್ಲಿ 'ಪೋಸ್ಟ್ ಸರ್ರಿಯಲಿಸ್ಟ್' ಎಂದಿತ್ತು. (ಸರ್ರಿಯಲಿಸಂ ಮುಗಿದ ಮೇಲೆ ಬಂದದ್ದಂತೆ. ಅದು ಶುರುವಾದದ್ದೇ ನನಗೆ ಗೊತ್ತಿರಲಿಲ್ಲ!) ಎಲ್ಲ ಕನಸಿನಂಥ ಚಿತ್ರಗಳು. ಕಾಗದದ ಮೇಲೆ ಇಂಕು, ತೆಳು ಬಣ್ಣ. ಫ್ರೇಮಿಲ್ಲ. ಕಿಟಕಿಯ ಮುಂದೆ ದಾರ ಕಟ್ಟಿ, ಕ್ಲಿಪ್ ಹಾಕಿ ತೂಗುಬಿಟ್ಟಿದ್ದರು.

ಒಂದು ಚಿತ್ರದ ಮುಂದೆ ನಿಂತುಬಿಟ್ಟೆ. ಅಡುಗೆಮನೆಯೊಳಗೆ ರೈಲು ಬಂದು ನಿಂತಿದೆ. ಹತ್ತಬೇಕಾದ ಹೆಂಗಸು ಒಲೆ ಬಿಟ್ಟು ಬರಲಾರಳು, ಹಂಚಿನ ಮೇಲೆ ರೊಟ್ಟಿ ಇದೆ. ರೈಲಿನ ಕಿಟಕಿಯಲ್ಲಿ ಒಬ್ಬ ಗಂಡಸು. ಮುಖವಿರಬೇಕಾದ ಜಾಗದಲ್ಲಿ ಪೇಪರು.

ಅರೆ, ಆ ಹಿಡಿಕೆ ಮುರಿದ ಹಸಿರು ಕೆಟಲಿ ನಮ್ಮದಲ್ಲವೇ?

ಅಷ್ಟರಲ್ಲಿ ಕಾಗದದ ಹಿಂದಿನಿಂದ ಬಿಸಿಲು ಬಿತ್ತು. ಚಿತ್ರದೊಳಗಿಂದ ಕನ್ನಡ ಅಂಕಿಗಳು ತಿರುವುಮುರುವಾಗಿ ಮೂಡಿದವು. ಹೋದ ವರ್ಷದ, ೧೯೯೮ರ ಕ್ಯಾಲೆಂಡರ್ ಹಾಳೆ! ಇಡೀ ಬಿಲ್ಡಿಂಗಿನಲ್ಲಿ ಹುಬ್ಬಳ್ಳಿಯಿಂದ ಕನ್ನಡ ಕ್ಯಾಲೆಂಡರ್ ತರಿಸುವ ಮನೆ ಒಂದೇ. ನಮ್ಮದು.

ಈ ಮನುಷ್ಯ ನಮ್ಮ ಅಡುಗೆಮನೆಗೆ ಬಂದದ್ದು ಯಾವಾಗ? ನಾನು ಆಫೀಸಿನಲ್ಲಿದ್ದಾಗಲೇ? ಮಾಸ್ತರರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು ಬೇರೆ. (ಸಂಶಯಕ್ಕೆ ಮೊಣಕಾಲು ಕಾಣುವುದಿಲ್ಲ.)

"ಕಸಂ ವಾಟಲಂ?" ಎಂದರು ಮಾಸ್ತರರು ಹಿಂದಿನಿಂದ. ಹೇಗನ್ನಿಸಿತಂತೆ! ಹಲ್ಲು ಕಡಿದುಕೊಂಡು "ಛಾನ್", ಚೆನ್ನಾಗಿದೆ, ಎಂದೆ.

ಮನೆಗೆ ಬಂದವನೇ ಹೆಂಡತಿ ಸುಮಿತ್ರಾಳನ್ನು ಕೇಳಿದೆ. "ನಮ್ಮ ಕ್ಯಾಲೆಂಡರ್ ಹಾಳಿ ಮಾಸ್ತರಿಗೆ ಯಾರು ಕೊಟ್ರು?"

"ನಾನs ಕೊಟ್ಟೆರಿ. ಹಿಂದ ಖಾಲಿ ಇರ್ತದ, ಚಿತ್ರ ತಗಿಲಿಕ್ಕೆ ಬರ್ತದ ಅಂದ್ರು. ಕನಸೂ ನಾನs ಕೊಟ್ಟೆ."

"ಕನಸಾ?"

"ಹೌದ್ರಿ. ಆ ರೈಲಿನ ಕನಸು ತಿಂಗಳಗಟ್ಲೆ ಬಿತ್ತು. ಭಾಳ ಅಂಜಿಕಿ ಬರ್ತಿತ್ತು. ಮೆಟ್ಟಲದಾಗ ಮಾಸ್ತರು ಭೇಟಿ ಆದ್ರು, ಹರಕು ಮುರಕು ಮರಾಠಿಯೊಳಗ ಹೇಳಿದೆ. ಪೂರಾ ಕೇಳಿದ್ರು. ಕೆಟಲಿ ಯಾವ ಬಣ್ಣದ್ದು ಅಂತನೂ ಕೇಳಿದ್ರು."

ಹೊಟ್ಟೆಕಿಚ್ಚಾಯಿತು. "ನನಗ್ಯಾಕ ಹೇಳಲಿಲ್ಲ?"

"ಮೊದಲು ನಿಮಗs ಹೇಳಿದ್ದೆ. ಮೂರು ಸಲ, ಮುಂಜಾನಿ ಚಹಾದ ಹೊತ್ನ್ಯಾಗ. ಹ್ಞೂಂ ಅಂದ್ರಿ."

ಬೆಳಗಿನ ಚಹಾದ ಹೊತ್ತಿಗೆ ನನ್ನ ಮುಖದ ಮುಂದೆ ಏನಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ನಾಚಿಕೆಯಾಯಿತು.

ಅಂದಹಾಗೆ, ನೀವೂ ಈಗ ಪೇಪರ್ ಹಿಡಿದೇ ಕೂತಿದ್ದೀರಿ. ಎದುರಿಗಿದ್ದವರು ಏನೋ ಹೇಳಿದರು, ಕೇಳಿಸಿತೇ?