ರೇವತಿಬಾಯಿ ಮತ್ತು ಕಾಲೊನಿಯ ಗೋಡೆ

ರೇವತಿಬಾಯಿ ಮೀನು ತಿನ್ನುವಾಗ ಮಾತಾಡುತ್ತಿರಲಿಲ್ಲ. ಎದುರಿಗೆ ಯಾರೇ ಕೂತಿರಲಿ, ತಟ್ಟೆ ಖಾಲಿಯಾಗುವವರೆಗೆ ಉತ್ತರವಿಲ್ಲ. ಧ್ಯಾನ ಅಂದರೇನು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಕೈ ತೊಳೆದುಕೊಂಡು ಬಂದ ಮೇಲೆ ಹೇಳಿದರು: “ಮುಳ್ಳಿನ ಮೀನ ತಿನ್ನೂವಾಗ ಆಫೀಸಿನ ಯೋಚ್ನೆ ಮಾಡ್ತೀಯೇನೆ? ಮಾಡಿದ್ರೆ ಗಂಟ್ಲಿಗೆ ಚುಚ್ತದೆ. ಇಷ್ಟೇ ನೋಡು. ಬಾಕಿ ಕೆಲ್ಸನೂ ಹಾಂಗೇ ಮಾಡೂದು.”

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಕಾರವಾರದವಳಾದ ನನಗೆ ಅಂಕೋಲೆಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿ, ಅವರ್ಸಾದಲ್ಲಿ ಅವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎತ್ತರದ ಆಳು, ಉಗುರಿನ ಸಂದಿಯಲ್ಲಿ ಸದಾ ಕೆಮ್ಮಣ್ಣು. ಬೆಳಿಗ್ಗೆ ಅರ್ಧ ತಾಸು ಹಿತ್ತಲಿನ ಕಲ್ಲಿನ ಮೇಲೆ ಸುಮ್ಮನೆ ಕೂರುವರು. ಆಗ ಹಾಲಿನವಳು ಕೂಗಿದರೂ ಏಳುವುದಿಲ್ಲ. ಹಾಲಿನವಳು ಬೈದುಕೊಳ್ಳುತ್ತ ನನಗೆ ಹಾಲು ಕೊಟ್ಟು ಹೋಗುತ್ತಿದ್ದಳು.

ಪ್ರತಿ ಭಾನುವಾರ ಅವರು ಹೋಗುತ್ತಿದ್ದುದು ನೌಕಾನೆಲೆಗಾಗಿ ಸಮುದ್ರದಂಚಿನ ಊರು ಬಿಟ್ಟುಬಂದವರ ಕಾಲೊನಿಗೆ. ಸಾಲಾಗಿ ಒಂದೇ ತರದ ಮನೆಗಳು. ಅಲ್ಲಿನ ಹೆಂಗಸರಿಗೆ ಅವರು ಹೇಳಿದ್ದು ಒಂದೇ ಕೆಲಸ: ಬಿಟ್ಟುಬಂದ ಮನೆಯ ಅಂಗಳ ಹೇಗಿತ್ತೋ ಹಾಗೆ ಈ ಮನೆಯ ಗೋಡೆಯ ಮೇಲೆ ಬರೆಯುವುದು. ಬಣ್ಣದ ಡಬ್ಬಿ ಹೊರಲು ನಾನೂ ಹೋಗತೊಡಗಿದೆ.

ಕೊನೆಯ ಮನೆಯಲ್ಲಿ ತುಳಸಿ ಎಂಬ ಮುದುಕಿ ಇದ್ದಳು. ಊರು ಬಿಟ್ಟ ಮೇಲೆ ಯಾರೊಡನೆಯೂ ಮಾತಿಲ್ಲ, ಊಟವೂ ಅಷ್ಟಕ್ಕಷ್ಟೆ ಎಂದು ಸೊಸೆ ಹೇಳಿದಳು. ರೇವತಿಬಾಯಿ ಮೂರು ಭಾನುವಾರ ಅವಳ ಪಕ್ಕ ಜಗಲಿಯಲ್ಲಿ ಬರಿದೇ ಕೂತು ಎದ್ದುಬಂದರು. ನಾಲ್ಕನೆಯ ವಾರ ನನಗೆ ತಾಳ್ಮೆ ಕೆಟ್ಟಿತು. ಅವರು ಬೇರೆ ಮನೆಯಲ್ಲಿದ್ದಾಗ ತುಳಸಿಯ ಗೋಡೆಯ ಮೇಲೆ ನಾನೇ ಒಂದು ದೋಣಿ, ಎರಡು ತೆಂಗಿನ ಮರ, ಮುಳುಗುವ ಸೂರ್ಯನನ್ನು ಬರೆದುಬಿಟ್ಟೆ.

ರೇವತಿಬಾಯಿ ಬಂದು ನೋಡಿದರು. “ಚಂದ ಬಂದದೆ,” ಎಂದರು. ಆಮೇಲೆ ಒದ್ದೆ ಬಟ್ಟೆ ನನ್ನ ಕೈಗಿತ್ತರು. “ಅಳಿಸು. ಇದು ನಿನ್ ದೋಣಿ, ಅವ್ರದಲ್ಲ.”

ನೆರೆದ ಹೆಂಗಸರೆಲ್ಲರ ಎದುರಿಗೆ ಅಳಿಸುವಾಗ ನನಗೆ ಅಳು ಬಂದಿತ್ತು. ನಾನು ಒರೆಸುತ್ತಿರುವುದನ್ನೇ ನೋಡುತ್ತಿದ್ದ ತುಳಸಿ ಎದ್ದು ಬಂದಳು. ಕೆಮ್ಮಣ್ಣಿನಲ್ಲಿ ಬೆರಳದ್ದಿ ಗೋಡೆಯ ಬುಡದಲ್ಲಿ ಒಂದು ಉರುಟಾದ ಆಕಾರ ಬರೆದಳು.

“ಕಲ್ಲು,” ಎಂದಳು. “ನಮ್ ಬಾಗಲ ಎದ್ರಿಗಿತ್ತು. ಇದ್ರ ಮೇಲೆ ಕೂತೇ ನಮ್ಮನೆಯವ್ರು ಬಲೆ ಹೆಣೀತಿದ್ರು.”

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಳೆಗಾಲ ಹಿಡಿಯುವ ಮೊದಲು ತುಳಸಿಯ ಗೋಡೆ ತುಂಬಿತ್ತು.

ಮರುವರ್ಷ ಯಾರೋ ದೊಡ್ಡವರು ಕಾಲೊನಿ ನೋಡಲು ಬರುತ್ತಾರೆಂದು ಗುತ್ತಿಗೆದಾರನ ಆಳುಗಳು ಒಂದೇ ದಿನದಲ್ಲಿ ಎಲ್ಲ ಗೋಡೆಗಳಿಗೂ ಸುಣ್ಣ ಬಳಿದರು. ಭಾನುವಾರ ನಾವು ಹೋದಾಗ ಸಾಲು ಮನೆಗಳು ಬೆಳ್ಳಗೆ ನಿಂತಿದ್ದವು. ರೇವತಿಬಾಯಿ ಬಣ್ಣದ ಡಬ್ಬಿಯನ್ನು ರಸ್ತೆಗೆ ಎಸೆದು ತುಳಸಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ಮೆಲ್ಲಗೆ, ಉಸಿರು ಗಮನಿಸಿ ಎಂದೆ. ಅವರೇ ಕಲಿಸಿದ ಮಾತು.

“ಸುಮ್ನಿರೆ. ಇವತ್ತು ನಂಗೆ ಉಸ್ರೂ ಬ್ಯಾಡ, ಎಂತದೂ ಬ್ಯಾಡ.”

ತುಳಸಿ ಹೋಗಿ ಡಬ್ಬಿ ಎತ್ತಿಕೊಂಡು ಬಂದಳು. ಚೆಲ್ಲದೆ ಉಳಿದದ್ದು ಎಷ್ಟಿದೆ ಎಂದು ಇಣುಕಿ ನೋಡಿದಳು.

“ಹೋಗ್ಲಿ ಬಿಡಿ, ಬಾಯೀ. ಹಿಂದಿನ ಸಲ ಬಾವಿ ಬರಿಯೂಕೆ ಮರ್ತೇ ಹೋಗಿತ್ತು. ಜಾಗನೂ ಇರ್ಲಿಲ್ಲ. ಈಗ ಅದೆ.”

ರೇವತಿಬಾಯಿ ಮೂಗು ಒರೆಸಿಕೊಂಡು ಎದ್ದು, ಬಾವಿ ಮನೆಯ ಯಾವ ದಿಕ್ಕಿಗಿತ್ತು ಎಂದು ಕೇಳಿದರು.

ನನಗೆ ಕಾರವಾರಕ್ಕೆ ವರ್ಗವಾದ ಮೇಲೆ ಹೋಗಿಬರುವುದು ಕಡಿಮೆಯಾಯಿತು. ಅವರು ತೀರಿಕೊಂಡ ಸುದ್ದಿ ಅವರ ತಮ್ಮನಿಂದ ಫೋನಿನಲ್ಲಿ ಬಂತು. ರಕ್ತದ ಕಾಯಿಲೆ, ಐದಾರು ತಿಂಗಳಿಂದ ಇತ್ತಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಾಗಬಹುದಿತ್ತು. ಅದಕ್ಕೂ ಎರಡು ತಿಂಗಳ ಹಿಂದೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಬಹಳ ಇಳಿದುಹೋಗಿದ್ದರು, ಮಡಿಲಲ್ಲಿ ಆಸ್ಪತ್ರೆಯ ಫೈಲಿತ್ತು. ನಾನು ನಿಂತುಕೊಂಡೇ ಆಫೀಸಿನ ಗೋಳು ಹೇಳಿದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು.

ಅವರು ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದರು. “ಅದು ಹೋಗ್ಲಿ, ಇನ್ನೊಂದು ಬತ್ತದೆ. ಕೂತ್ಕೋ.”

“ಬರುವ ವಾರ ಮನೆಗೇ ಬರುತ್ತೇನೆ,” ಎಂದು ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವರು ಹಾಗೇ ಇದ್ದರು, ನನಗೆಂದು ಸರಿದು ಕೊಟ್ಟ ಜಾಗವನ್ನು ಖಾಲಿ ಬಿಟ್ಟುಕೊಂಡು.