ಬರೂ ಶನಿವಾರ

ನನ್ನ ಹೆಂಡತಿಯ ಫೋನು ಈಗಲೂ ಬೆಳಿಗ್ಗೆ ಶಾಲೆ ಕೂಡುವ ಹೊತ್ತಿಗಿಂತ ಮುಂಚೆ ರಿಂಗಾಗುತ್ತದೆ. ಅವಳು ದಾಂಡೇಲಿಯ ಒಂದು ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯ ಕ್ಲಾಸ್ ಟೀಚರ್ ಆಗಿದ್ದಳು. ಮಕ್ಕಳು ಬರದ ದಿನ ಮನೆಯವರು ಫೋನ್ ಮಾಡಿ ಹೇಳಬೇಕು ಎನ್ನುವುದು ಅವಳೇ ಹಾಕಿಕೊಟ್ಟ ರೂಢಿ. ಶ್ರಾವಣದಲ್ಲಿ ಅವಳು ತೀರಿಕೊಂಡಳು. ರೂಢಿ ಮಾತ್ರ ನಿಲ್ಲಲಿಲ್ಲ.

ನಾನು ಕಾಗದದ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುವವನು. ರಾತ್ರಿ ಪಾಳಿ ಮುಗಿಸಿ ಬಂದು ಚಹಾಕ್ಕೆ ನೀರು ಇಡುವಷ್ಟರಲ್ಲಿ ಫೋನು ಶುರುವಾಗುತ್ತಿತ್ತು.

"ಅಕ್ಕೋರ್ರೀ, ಹುಡುಗಗ ಜ್ವರ ಬಂದಾವ್ರಿ. ಇವತ್ತ ಸಾಲಿಗೆ ಬರಂಗಿಲ್ರಿ."

"ಅಕ್ಕೋರು ಇಲ್ರಿ."

"ಎಷ್ಟೊತ್ತಿಗೆ ಬರ್ತಾರ್ರಿ?"

ಆಗ ಬಾಯಿ ಬಿಟ್ಟು ಹೇಳಬೇಕಾಗುತ್ತಿತ್ತು. ಆ ಕಡೆಯವರು "ಅಯ್ಯ, ನಮಗ ಗೊತ್ತಾಗ್ಲಿಲ್ರಿ" ಎಂದು ಮರುಗುತ್ತಿದ್ದರು. ಏನಾಗಿತ್ತು, ಯಾವ ದವಾಖಾನೆ, ಎಲ್ಲ ಕೇಳುತ್ತಿದ್ದರು. ಕೊನೆಗೆ ಫೋನ್ ಮಾಡಿದ ಕೆಲಸ ನೆನಪಾಗಿ, "ಮತ್ತ ಹುಡುಗನ ರಜಾ ಯಾರಿಗೆ ಹೇಳೂದ್ರಿ?" ಎನ್ನುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟು ಮಾಡಿಕೊಳ್ಳುವ ಕಸುವೂ ಉಳಿಯಲಿಲ್ಲ. "ನಾ ಸರ್‌ಗೆ ಹೇಳ್ತೇನಿ ಬಿಡ್ರಿ" ಎಂದು ಇಟ್ಟುಬಿಡುತ್ತಿದ್ದೆ.

ಶಾಲೆಯವರು ಸುದ್ದಿ ಕೊಟ್ಟಿರಲಿಲ್ಲ ಅಂತಲ್ಲ. ಶ್ರದ್ಧಾಂಜಲಿಯ ಒಕ್ಕಣೆ ಬರೆದು, ಮುಖ್ಯೋಪಾಧ್ಯಾಯರ ಸಹಿ, ಮುದ್ರೆ ಹಾಕಿ, ಅದರ ಫೋಟೋ ತೆಗೆದು ತಾಯಿ-ತಂದೆಯರ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದರು. ಬಹಳ ಜನ ಅದನ್ನು ತೆರೆದೇ ಇರಲಿಲ್ಲ. ಮುದ್ರೆ ಹೊತ್ತು ಬರುವ ಫೋಟೋಗಳನ್ನು ಆ ಮನೆಗಳಲ್ಲಿ ಯಾರೂ ತೆರೆಯುವುದಿಲ್ಲ ಎನ್ನುವುದು ನನ್ನ ಹೆಂಡತಿಗೆ ಎಷ್ಟೋ ಮೊದಲೇ ಗೊತ್ತಾಗಿತ್ತು.

ಅದಕ್ಕೇ ಅವಳು ಬರೆಯುವುದನ್ನು ಬಿಟ್ಟು ಬಾಯಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಅವಳ ತರಗತಿಯ ಮಕ್ಕಳ ಮನೆಗಳಲ್ಲಿ ಒಂದರಲ್ಲಿ ಮರಾಠಿ ಓದುತ್ತಾರೆ, ಒಂದರಲ್ಲಿ ಉರ್ದು. ಜೋಯಿಡಾ ಕಡೆಯಿಂದ ಬಂದು ನೆಲೆಸಿದವರ ಮನೆಮಾತು ಕೊಂಕಣಿ. ಆದರೆ ಕನ್ನಡ ಎಲ್ಲರ ಕಿವಿಗೂ ತಿಳಿಯುತ್ತದೆ. ಸಂಜೆ ಕುಕ್ಕರ್ ಒಲೆಗಿಟ್ಟು, ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು, "ಅಕ್ಕೋರು ಮಾತಾಡ್ತೇನಿ" ಎಂದು ಶುರು ಮಾಡುತ್ತಿದ್ದಳು. ಕಳಿಸುವ ಮೊದಲು ನನಗೆ ಕೇಳಿಸುತ್ತಿದ್ದಳು. ನಾನು ಹತ್ತನೆಯವರೆಗೆ ಓದಿದವನು. "ನಿಮಗ ತಿಳೀತಂದ್ರ ಊರಿಗೆಲ್ಲಾ ತಿಳೀತೈತ್ರಿ" ಎಂದು ನಗುತ್ತಿದ್ದಳು.

ಹಾಜರಾತಿಯ ನಿಯಮ ಹೇಳುವಾಗ ಒಮ್ಮೆ ಶೇಕಡಾ ಎಪ್ಪತ್ತೈದು ಎಂದಳು. ನಾನು ಬೇಡ ಎಂದೆ.

"ಶೇಕಡಾ ಅಂದ್ರ ನಮ್ಮ ಪಾಳಿಯವರಿಗೆ ಬ್ಯಾಂಕಿನ ಬಡ್ಡಿ ನೆನಪಾಗ್ತೈತಿ. ಹೆದರಿ ಕೇಳೂದ ಬಂದ್ ಮಾಡ್ತಾರ."

"ಹಂಗಾರ ಹೆಂಗ ಹೇಳ್ಲಿ? ನೀವ ಹೇಳ್ರಲ."

ಆಮೇಲೆ ಅವಳೇ ಯೋಚಿಸಿ ಹೇಳಿದ್ದು ಹೀಗೆ: "ನಾಕು ದಿನ ಸಾಲಿ ನಡದ್ರ ಮೂರು ದಿನ ನಿಮ್ಮ ಹುಡುಗ್ರು ಒಳಗಿರಬೇಕು. ಒಂದು ದಿನ ತಪ್ಪಿದ್ರ ನಡೀತೈತಿ, ಎರಡನೇದ್ದಕ್ಕ ಕುತ್ತಿಗಿಗೆ ಬರ್ತೈತಿ. ಕಡೀಕ ಪರೀಕ್ಷಾಕ್ಕ ಕೂಡ್ಸಂಗಿಲ್ಲ. ಆಗ ನನ್ನ ಮುಂದ ಅತ್ತರ ನಾನೂ ಅಳಬೇಕು, ಅಷ್ಟ." ಅವಳ ಮಾತಿನಲ್ಲಿ ತಾರೀಖು ಇರುತ್ತಿರಲಿಲ್ಲ. ಬರೂ ಶನಿವಾರ, ನಾಡದು ಸೋಮವಾರ ಎನ್ನುತ್ತಿದ್ದಳು. ಆ ಮನೆಗಳಲ್ಲಿ ದಿನ ಎಣಿಸುವುದು ಹಾಗೆ: ಸಂತೆಯ ದಿನ, ಮಿಲ್ಲಿನ ವಾರದ ರಜೆ, ನೀರು ಬಿಡುವ ದಿನ.

ಅವಳ ತವರು ಮುಂಡಗೋಡ ತಾಲೂಕಿನ ಚಿಗಳ್ಳಿ. ನಮ್ಮದು ಬೆಳಗಾವಿ ಕಡೆ, ಅಲ್ಲಿ ಈಗ ನಮ್ಮದೆನ್ನುವ ನೆಲವಿಲ್ಲ. ಹಾಗಾಗಿ ಅವಳನ್ನು ಚಿಗಳ್ಳಿಯ ಅಣ್ಣಂದಿರ ಹೊಲದಲ್ಲೇ ಮಣ್ಣು ಮಾಡಿದೆವು. ಮಗ ಹಳಿಯಾಳದಲ್ಲಿ ಅಂಗಡಿ ಇಟ್ಟಿದ್ದಾನೆ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಒಂದು ದಿನ ನಾನು ಹಾಗೆ ಫೋನಿನಲ್ಲಿ ಹೇಳುವುದನ್ನು ಕೇಳಿಸಿಕೊಂಡವನು, "ಅಪ್ಪಾ, ಆ ನಂಬರ್ ಬಂದ್ ಮಾಡಿಸಿಬಿಡು. ದಿನಾ ಮುಂಜಾನೆದ್ದು ಅದನ್ನ ಹೇಳಾಕ ಹತ್ತೀದಿ" ಎಂದ. ಹೂಂ ಎಂದೆ. ರಿಚಾರ್ಜ್ ಮುಗಿದಾಗ ಹಾಗೇ ಬಿಟ್ಟುಬಿಡೋಣ ಎಂದುಕೊಂಡೆ.

ಹಾಗೆ ಸುದ್ದಿ ಹೇಳಬೇಕಾಗಿ ಬಂದವರಲ್ಲಿ ಒಬ್ಬ ಹುಡುಗಿಯ ತಾಯಿ ಇದ್ದಳು. ಅವಳು ಗಣೇಶಗುಡಿ ರಸ್ತೆಯ ರೆಸಾರ್ಟ್ ಒಂದರಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸದವಳು. ಗಂಡ ಗೋವಾಕ್ಕೆ ಲಾರಿ ಹೊಡೆಯುತ್ತಾನೆ. ಶನಿವಾರ, ರವಿವಾರ ಪ್ರವಾಸಿಗರು ತುಂಬಿದಾಗ ರೆಸಾರ್ಟಿನಲ್ಲಿ ಪಾತ್ರೆ ತೊಳೆಯಲು ಕೈ ಸಾಲದೆ ಮಗಳನ್ನೂ ಕರೆದೊಯ್ಯುತ್ತಿದ್ದಳು. ಸೋಮವಾರ ಹಾಸಿಗೆ ಬಟ್ಟೆ ಒಗೆಯುವುದಿರುತ್ತಿತ್ತು. ಹುಡುಗಿ ಹತ್ತನೆಯಲ್ಲಿದ್ದಳು. ನನ್ನ ಹೆಂಡತಿ ಇದ್ದಾಗ ಆ ತಾಯಿ ಫೋನ್ ಮಾಡಿ ರಜೆ ಕೇಳುವುದೂ, ಇವಳು ಬೈಯುವುದೂ ನನಗೆ ಬಾಯಿಪಾಠವಾಗಿತ್ತು.

"ಜ್ವರ ಬರಾಕ ನಿನ್ನ ಮಗಳಿಗೆ ಶನಿವಾರನ ಬೇಕೇನ ನಮ್ಮವ್ವಾ? ಬುಧವಾರ ಯಾಕ ಬರಂಗಿಲ್ಲ?"

ಆ ಕಡೆಯಿಂದ ನಗು ಕೇಳುತ್ತಿತ್ತು. ಅರ್ಧ ತಾಸಿನಲ್ಲಿ ಹುಡುಗಿ ಶಾಲೆಯಲ್ಲಿರುತ್ತಿದ್ದಳು. ನಾನು ಸುದ್ದಿ ಹೇಳಿದ ದಿನ ಆ ತಾಯಿ ಅಲ್ಲಿಗೇ ಫೋನ್ ಇಟ್ಟಳು. ಆಮೇಲೆ ಅವಳ ಫೋನು ಬರಲಿಲ್ಲ.

ಹೊಸ ಕ್ಲಾಸ್ ಟೀಚರ್ ಮೈಸೂರು ಕಡೆಯ ಹುಡುಗ, ಒಳ್ಳೆಯವನು. ಎರಡು ಖಾಲಿ ಹುದ್ದೆಗಳ ಪಾಠಗಳೂ ಅವನ ತಲೆಯ ಮೇಲೆಯೇ ಇದ್ದವು. ದೀಪಾವಳಿ ಆದ ಮೇಲೆ ಒಂದು ಸಂಜೆ ಮನೆಗೆ ಬಂದ.

"ಸಾರ್, ಒಂದು ಹುಡುಗಿ ವಿಷಯ. ಶನಿವಾರ, ಸೋಮವಾರ ಬರೋದೇ ಇಲ್ಲ. ಹೀಗೇ ಆದ್ರೆ ಹಾಜರಾತಿ ಸಾಲಲ್ಲ, ಪರೀಕ್ಷೆಗೆ ಕೂರಿಸೋಕಾಗಲ್ಲ. ಇವತ್ತಿಂದ ಒಂದು ದಿನವೂ ತಪ್ಪಿಸದೆ ಬಂದ್ರೆ ಇನ್ನೂ ಸರಿಹೋಗುತ್ತೆ. ಇನ್ನು ತಪ್ಪಿಸಲ್ಲ ಅಂತ ತಾಯಿ ಬಂದು ಬರೆದುಕೊಡಬೇಕು. ಎಷ್ಟು ನೋಟಿಸ್ ಹಾಕಿದ್ರೂ ಉತ್ತರ ಇಲ್ಲ. ಮೇಡಮ್ಮೋರಿಗೆ ಅವರ ಮನೆ ಗೊತ್ತಿತ್ತಂತೆ."

ಯಾರ ವಿಷಯ ಎಂದು ಅವನು ಹೇಳುವ ಮೊದಲೇ ತಿಳಿಯಿತು. ಮೌಳಂಗಿಯ ಕಡೆ ಹೊಳೆದಂಡೆಯ ಹತ್ತಿರ ಅವರ ಮನೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೈಕಿನ ಮೇಲೆ ಒಮ್ಮೆ ಹೋಗಿದ್ದೆ. ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಒಬ್ಬನೇ ಎರಡು ಸಲ ಹೋದೆ. ಎರಡೂ ಸಲ ಬೀಗ. ಪಕ್ಕದ ಮನೆಯವರಿಗೆ ಹೇಳಿ ಬಂದೆ. ಅವರು ಹೇಳಿದರೋ ಇಲ್ಲವೋ ತಿಳಿಯಲಿಲ್ಲ. ಮೂರನೆಯ ಸಲ ಹೋಗಲು ನನ್ನ ಮೈ ಒಪ್ಪಲಿಲ್ಲ. ಪಾಳಿ ಮುಗಿಸಿ ಬಂದರೆ ಕುಳಿತಲ್ಲೇ ಕೂರುತ್ತಿದ್ದ ದಿನಗಳು ಅವು.

ಮುಂದೆ ಒಂದು ಶನಿವಾರ, ಮುಂಜಾನೆಯ ಶಾಲೆ ಬಿಡುವ ಹೊತ್ತಿಗೆ ಆ ಹೊಸ ಮೇಷ್ಟ್ರ ಫೋನು ಬಂತು.

"ಸಾರ್, ಮೇಡಮ್ಮೋರ ವಾಯ್ಸ್ ಮೆಸೇಜ್ ಒಂದನ್ನ ನೀವೇನಾದ್ರೂ ನಮ್ಮ ಹೊಸ ಗ್ರೂಪಿಗೆ ಹಾಕಿದ್ರಾ?"

"ಇಲ್ರಿ ಸರ. ಆ ಗ್ರೂಪಿನ್ಯಾಗ ನಾ ಇಲ್ಲಲ್ರಿ."

"ಗುರುವಾರ ಯಾರೋ ಹಾಕಿದ್ದಾರೆ. ನೆನಪಿಗೆ ಅಂತ ಹಾಕಿರಬೇಕು ಅಂದ್ಕೊಂಡು ನಾನು ಕೇಳಲೇ ಇಲ್ಲ. ಈಗ ನೋಡಿದ್ರೆ ಜನ ಬಂದು ಕೂತಿದ್ದಾರೆ. ನಾನು ಯಾರನ್ನೂ ಕರೆದಿಲ್ಲ ಸಾರ್. ಸ್ವಲ್ಪ ಬರ್ತೀರಾ?"

ಹೋದೆ. ಶಾಲೆಯ ಗೇಟಿನ ಒಳಗೆ, ಸಾಲು ಮರಗಳ ಕೆಳಗೆ ಹೆಂಗಸರು ಗಂಡಸರು ಕುಳಿತಿದ್ದರು. ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಾದ ನಮ್ಮ ಮಿಲ್ಲಿನವರೂ ಇದ್ದರು. ಮಗನನ್ನು ಹತ್ತನೆಯಲ್ಲಿ ಓದಿಸುತ್ತಿದ್ದ ಆಟೋದವನೊಬ್ಬ ಎದ್ದು ಬಂದು ನನ್ನ ಕೈ ಹಿಡಿದುಕೊಂಡ.

"ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ನಮ್ಮವ್ವ ನನ್ನ ಫೋನಿನ್ಯಾಗ ಅಕ್ಕೋರ ಹಳೇ ಮಾತು ಆಗಾಗ ಹಚ್ಚಿ ಕೇಳ್ತಾಳ್ರಿ. ಎಲ್ಲೆಲ್ಲೋ ಒತ್ತ್ಯಾಳ. ಅದು ಗ್ರೂಪಿಗೆ ಹೋಗೇತಿ. ನಾ ಆಟೋ ಮ್ಯಾಲಿದ್ದೆ, ನೋಡ್ಲಿಲ್ಲ."

"ನೋಡದಾವ ನೀ ಯಾಕ ಬಂದಿ ಮತ್ತ?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

"ನಾಕು ಮಂದಿ ಸವಾರಿ ಸಾಲಿಗೆ ಬಿಡು ಅಂದ್ರು. ಬಂದು ನೋಡಿದ್ರ ಕರದಾಂವ ನಾನ." ಎಲ್ಲರೂ ನಕ್ಕರು. ನಮ್ಮ ಪಾಳಿಯ ಒಬ್ಬ, "ಅಕ್ಕೋರು ಹೋದ ಮ್ಯಾಲೂ ನಮಗ ನಿದ್ದಿ ಮಾಡಾಕ ಬಿಡಂಗಿಲ್ಲ ನೋಡ್ರಿ" ಎಂದ. ಎಂದ ಮೇಲೆ ನನ್ನ ಮುಖ ನೋಡಿ ತಲೆ ತಗ್ಗಿಸಿದ. ನನಗೆ ಬೇಸರವಾಗಲಿಲ್ಲ. ಅವಳಿದ್ದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದಳು.

ಯಾರೋ ಆ ಮಾತನ್ನು ಮತ್ತೆ ಹಚ್ಚಿದರು. "ಅಕ್ಕೋರು ಮಾತಾಡ್ತೇನಿ. ಬರೂ ಶನಿವಾರ ಸಾಲಿ ಬಿಟ್ಟ ಮ್ಯಾಲೆ ಎಲ್ಲಾ ತಾಯಿ-ತಂದಿ ಬರ್ರಿ. ಹಾಜರಿ ಕಮ್ಮಿ ಇದ್ದವರು ತಪ್ಪಸಬ್ಯಾಡ್ರಿ. ಚಹಾ ಇರಂಗಿಲ್ಲ, ಮನ್ಯಾಗ ಕುಡದ ಬರ್ರಿ." ಅವಳು ಹೋದ ಮೇಲೆ ನಾನು ಅವಳ ಧ್ವನಿ ಕೇಳಿರಲಿಲ್ಲ. ಫೋನಿನಲ್ಲಿ ಎಲ್ಲವೂ ಇದ್ದವು, ಹಚ್ಚಿರಲಿಲ್ಲ. ಮಾತಿನ ಹಿಂದೆ ನಮ್ಮ ಕುಕ್ಕರ್ ಸೀಟಿ ಹೊಡೆಯಿತು. ಅದರ ಬೆನ್ನಿಗೇ ದೂರದಿಂದ ಒಬ್ಬ ಗಂಡಸು "ಅನ್ನ ಆತೇನ?" ಎಂದು ಕೇಳಿದ. ಅದು ನಾನು. "ತಡೀರಿ" ಎಂದಳು ಅವಳು, ಅಲ್ಲಿಗೆ ಮುಗಿಯಿತು. ನಾನು ನೀರಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ತಿರುಗಿ ಬಂದಾಗ ಆ ಹುಡುಗಿಯ ತಾಯಿ ಗೇಟು ದಾಟಿ ಬರುತ್ತಿದ್ದಳು. ರೆಸಾರ್ಟಿನ ನೀಲಿ ಕೋಟು ಇನ್ನೂ ಮೈಮೇಲಿತ್ತು. ಶನಿವಾರ ಅಲ್ಲಿಂದ ಬಿಟ್ಟು ಬರುವುದೆಂದರೆ ಏನು ಎಂದು ದಾಂಡೇಲಿಯವರಿಗೆ ಗೊತ್ತು.

"ನಿನಗ ಗೊತ್ತಿತ್ತಲ್ಲ ತಂಗಿ, ಅಕಿ ಇಲ್ಲ ಅಂತ ನಾನ ಹೇಳಿದ್ನಲ್ಲ" ಎಂದೆ.

"ಗೊತ್ತಿತ್ರಿ ಅಣ್ಣಾರ. ಹಳೇದು ಅಂತನೂ ಗೊತ್ತಾತು. ಆದ್ರ ಹಾಜರಿ ಕಮ್ಮಿ ಇದ್ದವರು ತಪ್ಪಸಬ್ಯಾಡ್ರಿ ಅಂದ್ರು ನೋಡ್ರಿ, ನನಗ ಅಂದಂಗಾತು. ಕೈಯಾಗಿನ ಚಾದರ ಅಲ್ಲೇ ಬಿಟ್ಟು ಬಸ್ ಹತ್ತಿದೆ."

ಹೊಸ ಮೇಷ್ಟ್ರು ಬಂದ ಜನರನ್ನು ಹಾಗೇ ಕಳಿಸದೆ ಒಂದು ಕೋಣೆ ತೆಗೆಸಿ ಕೂರಿಸಿದ. ನಿಯಮ ವಿವರಿಸಿದ. ಯಾರ ಹಾಜರಾತಿ ಎಷ್ಟಿದೆ ಎಂದು ಒಬ್ಬೊಬ್ಬರನ್ನೇ ಕರೆದು ಹೇಳಿದ. "ಇಷ್ಟು ದಿನ ಕಳಿಸಿದ ನೋಟಿಸ್ ಯಾರೂ ನೋಡಲಿಲ್ವಾ?" ಎಂದು ಕೇಳಿದ. ಆ ತಾಯಿಯೇ ಹೇಳಿದಳು: "ಸರ, ನಾ ಮರಾಠಿ ಸಾಲಿಗೆ ನಾಕನೇತ್ತೆ ತನಕ ಹೋದಾಕಿ. ಮತ್ತ ಆ ಕಾಡಿನ್ಯಾಗ ನಿಮ್ಮ ಫೋಟೋ ತೆರಿಯಂಗಿಲ್ರಿ, ಸುಮ್ನ ಸುತ್ತತಾನ ಇರ್ತೈತಿ. ನೀವೂ ಬಾಯಿಲೇ ಹೇಳ್ರಲ."

"ನನ್ನ ಭಾಷೆ ನಿಮಗೆ ತಿಳಿಯುತ್ತಾ?" ಎಂದ ಅವನು, ನಾಚಿಕೊಂಡು.

"ಅರ್ಧಾ ತಿಳೀತೈತ್ರಿ. ಉಳದದ್ದು ಹುಡುಗ್ರು ಹೇಳ್ತಾವ" ಎಂದ ಆಟೋದವನು.

ಆ ತಾಯಿಯ ಸರದಿ ಬಂದಾಗ ಅವನು ಮುಂದಿನ ದಿನಗಳನ್ನೆಲ್ಲ ಕೂಡಿಸಿ ಹೇಳಿದ. ಇನ್ನು ಒಂದು ಶನಿವಾರ, ಒಂದು ಸೋಮವಾರವೂ ತಪ್ಪುವಂತಿಲ್ಲ. ಅವಳು ಕೇಳಿಕೊಂಡು, ಬರೆದುಕೊಟ್ಟು, ಎದ್ದು ಹೊರಗೆ ಬಂದು ನನ್ನ ಹತ್ತಿರ ನಿಂತಳು.

"ಬರದ ಕೊಟ್ಟೇನ್ರಿ ಅಣ್ಣಾರ. ಆದ್ರ ಶನಿವಾರ ಮುಂಜಾನಿ ಮ್ಯಾನೇಜರ್ ಫೋನ್ ಮಾಡಿ ಮಗಳನ್ನೂ ಕರಕೊಂಡು ಬಾ ಅಂದ್ರ ನನಗ ಇಲ್ಲ ಅನ್ನಾಕ ಆಗಂಗಿಲ್ಲ. ಅಕ್ಕೋರಿದ್ದಾಗ ಅವರ ಬೈಗುಳ ಇರ್ತಿತ್ತು. ಸಾಲಿ ಅಕ್ಕೋರು ಬಿಡವಲ್ಲರು ಅಂತ ಅವರ ಮ್ಯಾಲೆ ಹಾಕಿ ಪಾರಾಗ್ತಿದ್ನಿ."

ನಾನು ಮನೆಗೆ ಬಂದೆ. ಮಲಗಿದರೂ ನಿದ್ದೆ ಬರಲಿಲ್ಲ. ಆ ವಾರ ರಿಚಾರ್ಜ್ ಮುಗಿಯುವುದಿತ್ತು. ಸಂಜೆ ಮಗನಿಗೆ ಫೋನ್ ಮಾಡಿ ಅಮ್ಮನ ನಂಬರಿಗೆ ದುಡ್ಡು ಹಾಕು ಎಂದೆ. ಅವನು ಯಾಕೆ ಎನ್ನಲಿಲ್ಲ.

ಅಲ್ಲಿಂದ ಮುಂದೆ ಶನಿವಾರ, ಸೋಮವಾರ ಬೆಳಿಗ್ಗೆ ಆ ನಂಬರಿನಿಂದ ನಾನೇ ಅವಳಿಗೆ ಫೋನ್ ಮಾಡುತ್ತಿದ್ದೆ. ನನಗೆ ಬೈಯಲು ಬರುವುದಿಲ್ಲ. "ಹುಡುಗಿ ಹೊಂಟ್ಲೇನ?" ಎಂದಷ್ಟೇ ಕೇಳುತ್ತಿದ್ದೆ. ಮೊದಲ ಸಲ ಅವಳು ತಡವರಿಸಿದಳು. ಮ್ಯಾನೇಜರ್ ಆಗಲೇ ಫೋನ್ ಮಾಡಿದ್ದನಂತೆ. ನಾನು ಫೋನ್ ಇಡದೆ ನಿಂತೆ. ಆ ಕಡೆ ಪಾತ್ರೆ ಸದ್ದು, ಚಪ್ಪಲಿ ಸದ್ದು. ಆಮೇಲೆ ಹುಡುಗಿಯೇ ಫೋನ್ ಇಸಿದುಕೊಂಡು, "ಹೊಂಟೇನ್ರಿ ಮಾಮಾ, ಚೀಲ ಹಾಕ್ಕೊಂಡೇನಿ" ಎಂದಳು.

ಕೆಲವು ಸೋಮವಾರ ನನಗೇ ಏಳಲಾಗುತ್ತಿರಲಿಲ್ಲ. ಆಗ ಆ ತಾಯಿ-ಮಗಳೇ ಫೋನ್ ಮಾಡುತ್ತಿದ್ದರು. ಹೊಸ ಮೇಷ್ಟ್ರು ಈಗ ಬಾಯಲ್ಲೇ ಹೇಳಿ ಕಳಿಸುತ್ತಾನೆ. ಕಳಿಸುವ ಮೊದಲು ಕೆಲವೊಮ್ಮೆ ನನಗೆ ಕೇಳಿಸುತ್ತಾನೆ. ಮೊನ್ನೆ "ಪೋಷಕರ ಅವಗಾಹನೆಗೆ" ಎಂದು ಶುರು ಮಾಡಿದ್ದ. "ತಿಳೀಲಿಲ್ರಿ ಸರ" ಎಂದೆ. ಮತ್ತೆ ಹೇಳಿದ.

ಹಾಲ್ ಟಿಕೆಟ್ ಬಂದ ದಿನ ನಾನು ಪಾಳಿಯಿಂದ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ. ಹೆಂಡತಿಯ ಫೋನು ರಿಂಗಾಯಿತು.

"ಅಕ್ಕೋರ್ರೀ" ಎಂದಳು ಆ ತಾಯಿ, ಹಳೆಯ ಅಭ್ಯಾಸದಲ್ಲಿ. ಸ್ವಲ್ಪ ತಡೆದು, "ಅಣ್ಣಾರ, ಮಗಳ ಹಾಲ್ ಟಿಕೆಟ್ ಬಂತ್ರಿ. ಫೋಟೋದಾಗ ಅಕಿ ಹಲ್ಲ ಕಾಣ್ತಾವ" ಎಂದಳು.

"ಆತು, ಅಕ್ಕೋರಿಗೆ ಹೇಳ್ತೇನಿ" ಎಂದೆ, ನಾನೂ ಹಳೆಯ ಅಭ್ಯಾಸದಲ್ಲಿ.

ಫೋನನ್ನು ಚಾರ್ಜಿಗೆ ಹಾಕಿ, ಬೂಟು ಬಿಚ್ಚಿ, ಚಹಾಕ್ಕೆ ನೀರು ಇಟ್ಟೆ.